ಸ್ಟೇನ್‌ಲೆಸ್ ಡ್ರಾಗೆ ಕ್ಲೋರಿನ್ ಇಲ್ಲದ ಆಯಿಲ್: ಯಾರಾದರೂ ಬದಲಾಯಿಸಿದ್ದೀರಾ?

ಪೀಣ್ಯ_ಪ್ರೆಸ್‌ಶಾಪ್

ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಪ್ರೆಸ್ ಶಾಪ್ ಇದೆ, ಪೂರ್ತಿ ಜಾಬ್ ವರ್ಕ್. ಓಡುವುದು ಮೂರು ತರಹದ ಮಾಲು. 304 ಸ್ಟೇನ್‌ಲೆಸ್‌ನಲ್ಲಿ ಆಳದ ಕಪ್, ಶೀಟ್ 1 ಮಿ.ಮೀ., ಎರಡು ಡ್ರಾ (ಶೀಟನ್ನು ಪಂಚ್‌ನಿಂದ ಡೈ ಒಳಗೆ ಎಳೆದು ಆಕಾರ ಕೊಡುವುದು). ಸಿಆರ್‌ಸಿಎಯಲ್ಲಿ (ಕೋಲ್ಡ್ ರೋಲ್ಡ್ ಮಾಮೂಲಿ ಸ್ಟೀಲ್ ಶೀಟ್) ಬ್ರಾಕೆಟ್. ಸ್ವಲ್ಪ ಹಿತ್ತಾಳೆ ಟರ್ಮಿನಲ್. ಮೂರಕ್ಕೂ ಒಂದೇ ಡ್ರಾಯಿಂಗ್ ಆಯಿಲ್, ಬಕೆಟ್‌ಗೆ ಸುರಿದು ಬ್ರಷ್‌ನಲ್ಲಿ ಬಳಿಯುತ್ತೇವೆ.

ಈಗ ಜರ್ಮನಿಗೆ ಮಾಲು ಕಳಿಸುವ ಗಿರಾಕಿಯೊಬ್ಬರು ಫಾರ್ಮ್ ಕಳಿಸಿದ್ದಾರೆ. ಕ್ಲೋರಿನೇಟೆಡ್ ಪ್ಯಾರಾಫಿನ್ (ಡ್ರಾಯಿಂಗ್ ಆಯಿಲ್‌ಗೆ ಬೆರೆಸುವ, ಕ್ಲೋರಿನ್ ಇರುವ ರಾಸಾಯನಿಕ) ಬಳಸುತ್ತಿಲ್ಲ ಅಂತ ಸಹಿ ಹಾಕಿ ಕೊಡಬೇಕಂತೆ. ಆಯಿಲ್ ಕೊಡುವವರನ್ನು ಕೇಳಿದರೆ "ನಮ್ಮದು ಇಕೋ ಫ್ರೆಂಡ್ಲಿ ಸಾರ್, ಡ್ರಮ್ ಮೇಲೆ ಎಲೆ ಗುರುತು ಇದೆ ನೋಡಿ" ಅನ್ನುತ್ತಾರೆ. ಅದಕ್ಕಿಂತ ಮುಂದೆ ಬಾಯಿ ಬಿಡುವುದಿಲ್ಲ.

ಇನ್ನೊಬ್ಬರ ಹತ್ತಿರ ಕ್ಲೋರಿನ್ ಇಲ್ಲದ ಸ್ಯಾಂಪಲ್ ತಂದು ಹಾಕಿದೆವು. ಬ್ರಾಕೆಟ್‌ಗೆ ಏನೂ ತೊಂದರೆ ಬರಲಿಲ್ಲ. ಕಪ್‌ನಲ್ಲಿ ಮಾತ್ರ ಊಟದ ಹೊತ್ತಿಗೆಲ್ಲ ಡೈ ರೇಡಿಯಸ್‌ನಲ್ಲಿ (ಡೈ ಬಾಯಿಯ ದುಂಡು ಅಂಚು) ಪಿಕಪ್ ಆಗಿ, ಅಂದರೆ ಶೀಟ್‌ನ ಲೋಹ ಡೈಗೆ ಅಂಟಿಕೊಂಡು, ಗೋಡೆ ತುಂಬಾ ಉದ್ದುದ್ದ ಗೀರು. ಜೊತೆಗೆ ಇಬ್ಬರು ಹುಡುಗರಿಗೆ ಮೊಣಕೈವರೆಗೆ ಗುಳ್ಳೆ ಎದ್ದಿದೆ, ಹಳೇ ಆಯಿಲ್‌ನಿಂದಲೇ ಇರಬೇಕು ಅಂತ ಡಾಕ್ಟರ್ ಹೇಳಿದರು. ಮಾಲು ತೊಳೆಯುವುದು ಟ್ರೈಕ್ಲೋರೋದಲ್ಲಿ (ಟ್ರೈಕ್ಲೋರೋಎಥಿಲೀನ್, ಜಿಡ್ಡು ತೆಗೆಯುವ ದ್ರಾವಕ). ನಮ್ಮಪ್ಪ "ಹೊಂಗೆ ಎಣ್ಣೆ ಹಾಕಿ ನೋಡು" ಅನ್ನುತ್ತಿದ್ದಾರೆ. ಅದು ನಡೆಯುತ್ತಾ? ಬಳಸಿ ನೋಡಿದವರು ಹೇಳಿ.

ಡೈ_ಮೇಕರ್

ಸರ್, ಬ್ರಾಕೆಟ್‌ಗೆ ಹೊಸ ಆಯಿಲ್ ಓಡಿತು ಅಂದಿರಲ್ಲ, ಅದನ್ನು ಇವತ್ತೇ ಬದಲಾಯಿಸಿಬಿಡಿ. ಬ್ರಾಕೆಟ್‌ಗೆ ಕ್ಲೋರಿನ್ ಯಾವತ್ತೂ ಬೇಕಿರಲಿಲ್ಲ. ಕಷ್ಟದ ಒಂದು ಜಾಬ್‌ಗೆ ತಂದ ಆಯಿಲನ್ನು ಇಡೀ ಶಾಪ್‌ಗೆ ಸುರಿಯುವುದು ನಮ್ಮ ಕಡೆ ಮಾಮೂಲಿ.

ಕಪ್‌ನ ವಿಷಯ ಬೇರೆ. 304ರ ಮೇಲೆ ಕ್ರೋಮಿಯಂ ಆಕ್ಸೈಡ್ ಪೊರೆ ಇರುತ್ತದೆ, ಗಂಧಕದ ಅಡಿಟಿವ್‌ಗಳು ಅದರ ಜೊತೆ ಬೇಗ ಸೇರುವುದಿಲ್ಲ. ಕ್ಲೋರಿನ್ ಸೇರುತ್ತದೆ, ಅದಕ್ಕೇ ಎಲ್ಲರೂ ಅದನ್ನು ಹಿಡಿದುಕೊಂಡಿರುವುದು. ಅದರ ಮೇಲೆ 304 ಎಳೆದಷ್ಟೂ ಗಟ್ಟಿಯಾಗುತ್ತದೆ, ಬಿಸಿಯೂ ಜಾಸ್ತಿ. ಪೊರೆ ಹರಿದ ಕಡೆ ಬರಿ ಸ್ಟೀಲಿಗೆ ಬರಿ ಸ್ಟೀಲ್ ಹತ್ತಿ ಹಿಡಿದುಕೊಳ್ಳುತ್ತದೆ. ನೀವು ನೋಡಿದ ಗೀರು ಅದೇ.

ನಿಮ್ಮ ಡ್ರಾ ರಿಂಗ್ (ಶೀಟ್ ಉಜ್ಜಿಕೊಂಡು ಒಳಗೆ ಹೋಗುವ ಡೈನ ಬಳೆ) ಯಾವ ಮಟೀರಿಯಲ್? ಬರಿ ಡಿ2 (ಟೂಲ್ ಸ್ಟೀಲ್) ಆಗಿದ್ದರೆ ಕ್ಲೋರಿನ್ ಇಲ್ಲದ ಯಾವ ಆಯಿಲ್ ತಂದರೂ ಪಿಕಪ್ ತಪ್ಪುವುದು ಕಷ್ಟ. ಅಲ್ಯೂಮಿನಿಯಂ ಬ್ರಾಂಜ್ ರಿಂಗ್ ಹಾಕಿ ನೋಡಿ. ಸ್ಟೇನ್‌ಲೆಸ್ ಅದಕ್ಕೆ ಅಂಟುವುದಿಲ್ಲ. ಸವೆಯುವುದು ಸ್ವಲ್ಪ ಬೇಗ, ಆದರೆ ಜಾಬ್ ವರ್ಕ್‌ನ ಸಂಖ್ಯೆಗೆ ಸಾಕು. ಲಾಟ್ ದೊಡ್ಡದಿದ್ದರೆ ಡಿ2ಗೇ ಟಿಐಸಿಎನ್ (ಟೈಟಾನಿಯಂ ಕಾರ್ಬೋನೈಟ್ರೈಡ್) ಕೋಟಿಂಗ್, ಇಲ್ಲಾ ಕಾರ್ಬೈಡ್ ರಿಂಗ್. ಪಾಲಿಶ್ ಮಾಡುವಾಗ ಕೊನೇ ಕೈ ಲೋಹ ಹರಿಯುವ ದಿಕ್ಕಿನಲ್ಲೇ ಇರಬೇಕು. ಲೇತ್‌ಗೆ ಕಟ್ಟಿ ಸುತ್ತಲೂ ಎಮರಿ ಹಿಡಿದು ಹೊಳಪು ತಂದ ರಿಂಗ್ ನೋಡಲು ಚೆಂದ, ಆದರೆ ಪ್ರತಿ ಗೆರೆಯೂ ಲೋಹಕ್ಕೆ ಅಡ್ಡ ಬರುತ್ತದೆ. ಬ್ಲ್ಯಾಂಕ್ ಹೋಲ್ಡರ್ (ಎಳೆಯುವಾಗ ಶೀಟ್‌ನ ಅಂಚನ್ನು ಒತ್ತಿ ಹಿಡಿಯುವ ಭಾಗ) ಒತ್ತಡವನ್ನೂ ನೋಡಿ. ಸುಕ್ಕು ಬರಬಾರದು ಅಂತ ಬೇಕಾದ್ದಕ್ಕಿಂತ ಜಾಸ್ತಿ ಬಿಗಿಯುವವರೇ ಹೆಚ್ಚು.

ಇನ್ನೊಂದು ದಾರಿಯೂ ಇದೆ. ಶೀಟ್‌ಗೆ ಪಾಲಿಥೀನ್ ಫಿಲ್ಮ್ ಅಂಟಿಸಿ ಎಳೆಯುವುದು, ಕಿಚನ್ ಸಿಂಕ್ ಮಾಡುವವರು ಮಾಡುತ್ತಾರಲ್ಲ ಹಾಗೆ. ಫಿಲ್ಮ್ ಇರುವ ಕಡೆ ಆಯಿಲ್ ಬಹಳ ಕಡಿಮೆ ಸಾಕು. ಎರಡನೇ ಡ್ರಾದವರೆಗೆ ಅದು ಹರಿಯದೆ ಬರುತ್ತದೆಯೋ ನೋಡಬೇಕು. ಸುಲಿದ ಪ್ಲಾಸ್ಟಿಕ್ ಏನು ಮಾಡುತ್ತೀರಿ ಅನ್ನುವ ಪ್ರಶ್ನೆ ಮಾತ್ರ ಉಳಿಯುತ್ತದೆ.

ಲ್ಯಾಬ್_ಕೋಟ್

ಎಲೆ ಗುರುತಿಗೆ ಅರ್ಥ ಇಲ್ಲ. ಎಸ್‌ಡಿಎಸ್ (ಸೇಫ್ಟಿ ಡೇಟಾ ಶೀಟ್) ಕೇಳಿ. ಅದರಲ್ಲಿ 16 ಭಾಗ ಇರುತ್ತದೆ, ಮೊದಲು 3ನೇ ಭಾಗ ತೆಗೆಯಿರಿ, ಒಳಗೆ ಏನಿದೆ ಅಂತ ಅಲ್ಲಿರುತ್ತದೆ. ಹೆಸರು ಹೇಗೆ ಬೇಕಾದರೂ ಬರೆಯಬಹುದು, ಸಿಎಎಸ್ ನಂಬರ್ (ಪ್ರತಿ ರಾಸಾಯನಿಕಕ್ಕೂ ಇರುವ ಗುರುತಿನ ಸಂಖ್ಯೆ) ನೋಡಿ. 85535-84-8 ಅಂದರೆ ಸಣ್ಣ ಸರಪಳಿಯ ಕ್ಲೋರಿನೇಟೆಡ್ ಪ್ಯಾರಾಫಿನ್, 85535-85-9 ಅಂದರೆ ಮಧ್ಯಮ. ಸಣ್ಣದನ್ನು ಸ್ಟಾಕ್‌ಹೋಮ್ ಒಪ್ಪಂದದ ನಿಷೇಧದ ಪಟ್ಟಿಗೆ 2017ರಲ್ಲೇ ಸೇರಿಸಿದರು. ಮಧ್ಯಮವೂ 2025ರಲ್ಲಿ ಸೇರಿತು, ಕೆಲವು ಬಳಕೆಗಳಿಗೆ ಕಾಲಮಿತಿಯ ವಿನಾಯಿತಿ ಇಟ್ಟು. ಯುರೋಪಿನಲ್ಲಿ ಮಧ್ಯಮದ್ದು 2021ರಿಂದಲೇ ಅತಿ ಕಳವಳದ ವಸ್ತುಗಳ ಪಟ್ಟಿಯಲ್ಲಿದೆ. ಸರಕಿನಲ್ಲಿ ತೂಕದ 0.1%ಕ್ಕಿಂತ ಜಾಸ್ತಿ ಇದ್ದರೆ ಗಿರಾಕಿಗೆ ತಿಳಿಸಲೇಬೇಕು. ನಿಮ್ಮ ಫಾರ್ಮ್ ಬಂದಿರುವುದು ಇಂಥದ್ದರಿಂದಲೇ ಇರಬೇಕು. ಇವು ಮಣ್ಣು ನೀರಿನಲ್ಲಿ ಬೇಗ ಕರಗಿ ಹೋಗುವುದಿಲ್ಲ, ಮೀನು ಮತ್ತಿತರ ಜೀವಿಗಳ ಮೈಯಲ್ಲಿ ಸೇರಿಕೊಳ್ಳುತ್ತಾ ಹೋಗುತ್ತವೆ.

ಎಸ್‌ಡಿಎಸ್ ಕೊಡುವುದಿಲ್ಲ ಅಂದರೆ ನೀವೇ ಒಂದು ಪರೀಕ್ಷೆ ಮಾಡಬಹುದು. ದಪ್ಪ ತಾಮ್ರದ ತಂತಿಯ ತುದಿ ಸುತ್ತಿ ಗ್ಯಾಸ್ ಬರ್ನರ್‌ನ ಉರಿಯಲ್ಲಿ ಹಿಡಿಯಿರಿ, ಉರಿಗೆ ಬಣ್ಣ ಬರುವುದು ನಿಲ್ಲುವ ತನಕ. ಆರಿದ ಮೇಲೆ ತುದಿಗೆ ಒಂದೇ ಹನಿ ಆಯಿಲ್ ತಾಗಿಸಿ ಮತ್ತೆ ಉರಿಗೆ ಹಿಡಿಯಿರಿ. ಮೊದಲು ಆಯಿಲ್ ಹಳದಿಯಾಗಿ ಉರಿದು ಮುಗಿಯುತ್ತದೆ, ಆಮೇಲೆ ಉರಿಯ ಅಂಚು ಹಸಿರಾದರೆ ಕ್ಲೋರಿನ್ ಇದೆ ಅಂತ ಸಂಶಯಪಡಬೇಕು. ಹೊರಗೆ ಗಾಳಿಯಲ್ಲಿ ಮಾಡಿ, ಹೊಗೆ ಕುಡಿಯಬೇಡಿ, ಆಯಿಲ್ ಡ್ರಮ್ ದೂರ ಇರಲಿ. ಇದು ಮೊದಲ ಸುಳಿವು ಮಾತ್ರ. ಫಾರ್ಮ್‌ಗೆ ಸಹಿ ಹಾಕಬೇಕಾದರೆ ಲ್ಯಾಬ್‌ನಲ್ಲಿ ಒಟ್ಟು ಕ್ಲೋರಿನ್ ನೋಡಿಸಿ.

ಬದಲಿಗೆ ಏನು? ಸ್ಟೇನ್‌ಲೆಸ್‌ಗೆ ಓವರ್‌ಬೇಸ್ಡ್ ಕ್ಯಾಲ್ಸಿಯಂ ಸಲ್ಫೋನೇಟ್, ಗಂಧಕ ಸೇರಿಸಿದ ಎಸ್ಟರ್, ಪಾಲಿಮರ್ ಎಸ್ಟರ್ ಇವುಗಳನ್ನು ಬೆರೆಸಿ ಮಾಡಿದ ಆಯಿಲ್‌ಗಳು ಸಿಗುತ್ತವೆ. ಹಾಗಂತ ಅದನ್ನೇ ಹಿತ್ತಾಳೆಗೂ ಹಾಕಬೇಡಿ. ಗಂಧಕ ಚುರುಕಾಗಿದ್ದರೆ ಟರ್ಮಿನಲ್ ರಾತ್ರಿ ಕಳೆಯುವುದರೊಳಗೆ ಕಪ್ಪಾಗುತ್ತದೆ. ತಾಮ್ರದ ಪಟ್ಟಿ ಪರೀಕ್ಷೆಯ (ಆಯಿಲ್ ತಾಮ್ರವನ್ನು ಎಷ್ಟು ಕಪ್ಪು ಮಾಡುತ್ತದೆ ಅಂತ ನೋಡುವುದು) ರಿಸಲ್ಟ್ ಕೇಳಿ, 1ಎ ಅಥವಾ 1ಬಿ ಇದ್ದರೆ ಭಯ ಇಲ್ಲ. ಬೇಸ್ ಆಯಿಲ್ ಯಾವುದು ಅಂತಲೂ ಕೇಳಿ. ಸರಿಯಾಗಿ ಶುದ್ಧ ಮಾಡದ ಮಿನರಲ್ ಆಯಿಲನ್ನು ಐಎಆರ್‌ಸಿ (ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ) ಕ್ಯಾನ್ಸರ್ ತರುವ ವಸ್ತುಗಳ ಗುಂಪು 1ರಲ್ಲಿ ಇಟ್ಟಿದೆ. ಕ್ಲೋರಿನ್ ಇಲ್ಲ ಅಂದ ಮಾತ್ರಕ್ಕೆ ಮೈಗೆ ಒಳ್ಳೆಯದು ಅಂತಲ್ಲ.

ಹೊಂಗೆ: ನಿಮ್ಮ ತಂದೆಯವರ ಮಾತು ತೆಗೆದುಹಾಕುವಂಥದ್ದಲ್ಲ. ಗಿಡದ ಎಣ್ಣೆಯ ಅಣುವಿನ ಒಂದು ತುದಿ ಲೋಹಕ್ಕೆ ಚೆನ್ನಾಗಿ ಕಚ್ಚಿಕೊಳ್ಳುತ್ತದೆ, ಜಾರಿಕೆಯಲ್ಲಿ ಬರಿ ಮಿನರಲ್ ಆಯಿಲ್ ಅದರ ಹತ್ತಿರ ಬರುವುದಿಲ್ಲ. ಫ್ಲಾಶ್ ಪಾಯಿಂಟ್ (ಆವಿಗೆ ಬೆಂಕಿ ಹತ್ತುವ ಉಷ್ಣತೆ) ಕೂಡ ಜಾಸ್ತಿ, ಮಣ್ಣಿಗೆ ಬಿದ್ದರೆ ಕೊಳೆತು ಹೋಗುತ್ತದೆ. ಆದರೆ ಬಿಸಿ ಏರಿದಂತೆ ಆ ಹಿಡಿತ ಬಿಡುತ್ತದೆ, 304 ಡ್ರಾದಲ್ಲಿ ಏರುವುದೇ ಬಿಸಿ. ಇನ್ನೊಂದು ತೊಂದರೆ, ಗಾಳಿಗೆ ಬಿಟ್ಟ ಎಣ್ಣೆ ದಿನ ಕಳೆದಂತೆ ಅಂಟಾಗುತ್ತದೆ. ಬಳಿದ ಮಾಲು ವಾರಗಟ್ಟಲೆ ಟ್ರೇನಲ್ಲಿ ಕೂತರೆ ವಾರ್ನಿಶ್ ಹಚ್ಚಿದ ಹಾಗೆ ಆಗಿ ತೊಳೆಯಲು ಬಾರದು. ಹಸಿ ಹೊಂಗೆಯಲ್ಲಿ ಬಿಡಿ ಆಮ್ಲವೂ ಇರುತ್ತದೆ, ಹಿತ್ತಾಳೆ ಹಸಿರುಗಟ್ಟಬಹುದು. ಬ್ರಾಕೆಟ್‌ಗೆ ಬಳಿದು ಅವತ್ತೇ ತೊಳೆಯುವುದಾದರೆ ಹಾಕಿ ನೋಡಿ. ಕಪ್‌ಗೆ ಬೇಡ. ಗಿಡದೆಣ್ಣೆಯಿಂದಲೇ ಮಾಡಿದ ಎಸ್ಟರ್ ಸಿಗುತ್ತದೆ, ಅದು ಇದಕ್ಕಿಂತ ಬಾಳಿಕೆ ಬರುತ್ತದೆ, ಬೆಲೆಯೂ ಹಾಗೇ ಇರುತ್ತದೆ.

ಕಟಿಂಗ್_ಆಯಿಲ್_ಕಾಕಾ

ಇದೆಲ್ಲ ಎಕ್ಸ್‌ಪೋರ್ಟ್‌ನವರ ತಲೆನೋವು ಮಾರಾಯ್ರೇ. ಕ್ಲೋರಿನ್ ಆಯಿಲ್ ಅಗ್ಗ, ಕಣ್ಣು ಮುಚ್ಚಿ ಓಡುತ್ತದೆ. ಹೊಸದರ ಲೀಟರ್ ಬೆಲೆ ಕೇಳಿದ್ದೀರಾ? ಬ್ರಾಂಜ್ ರಿಂಗ್ ಅಂತೆ, ಎಸ್ಟರ್ ಅಂತೆ. ಜಾಬ್ ವರ್ಕ್‌ನಲ್ಲಿ ಒಂದು ಪೀಸ್‌ಗೆ ಎಷ್ಟು ಉಳಿಯುತ್ತದೆ ಅಂತ ಹೇಳುವವರಿಗೆ ಗೊತ್ತಿರಬೇಕು.

ಡೈ_ಮೇಕರ್

ಕಾಕಾ, ಲೀಟರ್ ಬೆಲೆ ಹಿಡಿದು ಲೆಕ್ಕ ಹಾಕಬೇಡಿ, ಪೀಸ್ ಲೆಕ್ಕ ಹಾಕಿ. ಬ್ರಷ್‌ನಲ್ಲಿ ಬಳಿದ ಆಯಿಲ್‌ನಲ್ಲಿ ಡೈಗೆ ಕೆಲಸಕ್ಕೆ ಬರುವುದು ಎಷ್ಟು? ಮಿಕ್ಕದ್ದು ಬೋಲ್ಸ್ಟರ್ (ಡೈ ಕೂರಿಸುವ ಪ್ರೆಸ್‌ನ ದಪ್ಪ ಪ್ಲೇಟ್) ಮೇಲೆ, ನೆಲದ ಮೇಲೆ, ಹುಡುಗರ ಪ್ಯಾಂಟ್ ಮೇಲೆ. ಶೀಟ್ ಒಳಗೆ ಹೋಗುವ ಕಡೆ ಎರಡು ಫೆಲ್ಟ್ ರೋಲರ್ ಕೂರಿಸಿದರೆ ಬಳಕೆ ಇಳಿಯುವುದು ಕಣ್ಣಿಗೆ ಕಾಣುತ್ತದೆ. ಕ್ಲೋರಿನ್ ಆಯಿಲ್ ತೊಳೆಯದೆ ಮಳೆಗಾಲದಲ್ಲಿ ಇಟ್ಟರೆ ಹೈಡ್ರೋಕ್ಲೋರಿಕ್ ಆಮ್ಲ ಹುಟ್ಟಿ ಸಿಆರ್‌ಸಿಎ ತುಕ್ಕು ಹಿಡಿಯುತ್ತದೆ, ಸ್ಟೇನ್‌ಲೆಸ್‌ನಲ್ಲಿ ಸೂಜಿ ಚುಚ್ಚಿದಂಥ ಗುಳಿ ಬೀಳುತ್ತದೆ. ಆ ರಿಜೆಕ್ಷನ್ ಯಾರ ಖಾತೆಗೆ ಹೋಗುತ್ತದೆ?

ಶಿಫ್ಟ್_ಬಿ_ತುಮಕೂರು

ನೀರಿನಲ್ಲಿ ಬೆರೆಸುವ ಆಯಿಲ್ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮಲ್ಲಿ ಸಿಆರ್‌ಸಿಎಗೆ ಅದೇ. ಶಾಪ್ ಸ್ವಚ್ಛ, ಹೊಗೆ ಇಲ್ಲ, ಬಿಸಿ ನೀರಿನಲ್ಲೇ ತೊಳೆದು ಹೋಗುತ್ತದೆ. ಆದರೆ ಬೋರ್‌ವೆಲ್ ನೀರು ಹಾಕಿದರೆ ಗಡಸುತನಕ್ಕೆ ಒಡೆದು ಮೇಲೆ ಕೆನೆ ಕಟ್ಟುತ್ತದೆ, ಆರ್‌ಒ ನೀರೇ ಬೇಕು. ಮೊದಲು ನೀರು, ಆಮೇಲೆ ಆಯಿಲ್, ಹೀಗೇ ಬೆರೆಸಬೇಕು. ನೀರಿನಲ್ಲಿ ಆಯಿಲ್ ಎಷ್ಟಿದೆ ಅಂತ ರಿಫ್ರಾಕ್ಟೋಮೀಟರ್ ಇಟ್ಟುಕೊಂಡು ದಿನಾ ನೋಡಿ. ಪಿಎಚ್ 9ರ ಆಸುಪಾಸು ಇರಲಿ. ಇಳಿದರೆ ಬ್ಯಾಕ್ಟೀರಿಯಾ ಬೆಳೆದು ಸೋಮವಾರ ಬಾಗಿಲು ತೆಗೆದ ಕೂಡಲೇ ಕೊಳೆತ ಮೊಟ್ಟೆ ವಾಸನೆ. ಆಗ ಎಲ್ಲರೂ ಸುಮ್ನೆ ಬಯೋಸೈಡ್ ಸುರಿಯುತ್ತಾರೆ, ಅವುಗಳಲ್ಲಿ ಕೆಲವು ಫಾರ್ಮಾಲ್ಡಿಹೈಡ್ ಬಿಡುವಂಥವು, ಕೈ ತುರಿಕೆ ಶುರು. ನೈಟ್ರೈಟ್ ಮತ್ತು ಡೈಎಥನಾಲಮೈನ್ ಎರಡೂ ಇರುವ ಆಯಿಲ್ ಮುಟ್ಟಲೇಬೇಡಿ, ಎರಡೂ ಸೇರಿ ನೈಟ್ರೋಸಮೈನ್ ಆಗುತ್ತದೆ.

ವ್ಯಾನಿಶಿಂಗ್ ಆಯಿಲ್ (ಬಳಿದ ಮೇಲೆ ತಾನೇ ಆವಿಯಾಗುವಂಥದ್ದು) ಅಂತ ಯಾರಾದರೂ ಮಾರಲು ಬಂದರೆ, ತೊಳೆಯುವ ಕೆಲಸ ಇಲ್ಲ ಅನ್ನುವುದು ನಿಜ. ಆದರೆ ಮಾಯವಾದದ್ದು ಹೋಗುವುದು ನಿಮ್ಮ ಶೆಡ್ಡಿನ ಗಾಳಿಗೆ. ಫ್ಲಾಶ್ ಪಾಯಿಂಟ್ ಎಸ್‌ಡಿಎಸ್‌ನ 9ನೇ ಭಾಗದಲ್ಲಿ ನೋಡಿ, ಪಕ್ಕದಲ್ಲಿ ವೆಲ್ಡಿಂಗ್ ನಡೆಯುತ್ತಿದ್ದರೆ ಬೇಡವೇ ಬೇಡ.

ಸೇಫ್ಟಿ_ಅಕ್ಕ

ನನಗೆ ಆಯಿಲ್‌ಗಿಂತ ಟ್ರೈಕ್ಲೋರೋದ ಮೇಲೇ ಜಾಸ್ತಿ ಕೋಪ. ಅದೂ ಐಎಆರ್‌ಸಿ ಗುಂಪು 1. ಯುರೋಪಿನಲ್ಲಿ 2016ರ ಏಪ್ರಿಲ್‌ನಿಂದ ಅನುಮತಿ ಇಲ್ಲದೆ ಬಳಸುವಂತಿಲ್ಲ. ಅದರ ಆವಿ ವೆಲ್ಡಿಂಗ್ ಆರ್ಕ್ ಹತ್ತಿರ ಹೋದರೆ ಫಾಸ್ಜೀನ್ ಆಗುತ್ತದೆ, ಮೊದಲ ಮಹಾಯುದ್ಧದಲ್ಲಿ ಬಳಸಿದ ವಿಷಾನಿಲ ಅದು. ಆದ್ದರಿಂದ ಹೊಸ ಆಯಿಲ್ ಆರಿಸುವಾಗ ಮೊದಲ ಪ್ರಶ್ನೆ ಇದೇ ಇರಲಿ: 60 ಡಿಗ್ರಿ ಕ್ಷಾರದ ನೀರಿನಲ್ಲಿ ಇದು ತೊಳೆದು ಹೋಗುತ್ತದಾ? ದಪ್ಪ ಕ್ಲೋರಿನ್ ಆಯಿಲ್ ಸುಲಭಕ್ಕೆ ಹೋಗುವುದಿಲ್ಲ, ಅದಕ್ಕೇ ಟ್ರೈಕ್ಲೋರೋ ಬಂದದ್ದು. ಒಂದು ಬಿಟ್ಟರೆ ಇನ್ನೊಂದೂ ಬಿಡುತ್ತದೆ. ಎರಡು ಡ್ರಾ ನಡುವೆ ಅನೀಲಿಂಗ್ (ಕಾಯಿಸಿ ಲೋಹ ಮೆದು ಮಾಡುವುದು) ಇದ್ದರೆ ಅದಕ್ಕೂ ಮೊದಲು ತೊಳೆಯಬೇಕು, ಉಳಿದ ಆಯಿಲ್ ಕುಲುಮೆಯಲ್ಲಿ ಸುಟ್ಟು ಕಲೆ ಬೀಳುತ್ತದೆ.

ಹುಡುಗರ ಕೈ ವಿಷಯ. ಆಯಿಲ್ ಬಟ್ಟೆಯನ್ನು ಪ್ಯಾಂಟ್ ಜೇಬಿನಲ್ಲಿ ಇಡುತ್ತಾರಲ್ಲ, ಅದನ್ನು ಮೊದಲು ನಿಲ್ಲಿಸಿ, ತೊಡೆಗೂ ಗುಳ್ಳೆ ಬರುತ್ತದೆ. ಸೀಮೆಎಣ್ಣೆ, ಥಿನ್ನರ್ ಹಾಕಿ ಕೈ ತೊಳೆಯುವುದೂ ನಿಲ್ಲಬೇಕು, ಚರ್ಮದ ಜಿಡ್ಡೆಲ್ಲ ಹೋಗಿ ಆಯಿಲ್ ಇನ್ನೂ ಒಳಗೆ ಇಳಿಯುತ್ತದೆ. ನೈಟ್ರೈಲ್ ಗ್ಲೌಸ್ ಕೊಡಿ. ತಿರುಗುವ ಮಷೀನ್ ಹತ್ತಿರ ಮಾತ್ರ ಗ್ಲೌಸ್ ಬೇಡ.

ಪೀಣ್ಯ_ಪ್ರೆಸ್‌ಶಾಪ್

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ತಂತಿ ಪರೀಕ್ಷೆ ಇವತ್ತು ಮಾಡಿದೆ, ಎಲೆ ಗುರುತಿನ ಡ್ರಮ್‌ನ ಆಯಿಲ್‌ಗೆ ಉರಿಯ ಅಂಚು ಗಿಳಿ ಹಸಿರು ಬಂತು. ಲ್ಯಾಬ್‌ಗೂ ಕಳಿಸುತ್ತೇನೆ. ಡ್ರಾ ರಿಂಗ್ ಬರಿ ಡಿ2, ಪಾಲಿಶ್ ಗೆರೆ ಸುತ್ತಲೂ ಇದೆ, ಡೈ_ಮೇಕರ್ ಅವರು ಹೇಳಿದ ಹಾಗೇ. ಬ್ರಾಕೆಟ್‌ಗೆ ನೀರಿನದ್ದು, ಹಿತ್ತಾಳೆಗೆ ಗಂಧಕ ಇಲ್ಲದ್ದು ಅಂತ ತೀರ್ಮಾನ ಮಾಡಿದ್ದೇವೆ. ಕಪ್‌ಗೆ ಬ್ರಾಂಜ್ ರಿಂಗ್ ಮಾಡಿಸಿ ಅದೇ ಸ್ಯಾಂಪಲ್ ಮತ್ತೆ ಹಾಕುತ್ತೇವೆ. ಒಂದು ಪ್ರಶ್ನೆ ಉಳಿಯಿತು: ಹಳೇ ಆಯಿಲ್ ಒಂದೂವರೆ ಡ್ರಮ್ ಇದೆ. ಇಟ್ಟಿಗೆ ಗೂಡಿನವರು ಕೇಳುತ್ತಿದ್ದಾರೆ, ಕೊಡಬಹುದಾ?

ಸೇಫ್ಟಿ_ಅಕ್ಕ

ಕೊಡಲೇಬೇಡಿ. ಕ್ಲೋರಿನ್ ಇರುವ ಆಯಿಲ್ ಗೂಡಿನಲ್ಲಿ ಸರಿಯಾಗಿ ಸುಡದೆ ಡಯಾಕ್ಸಿನ್ ಅನ್ನುವ ವಿಷ ಹುಟ್ಟುತ್ತದೆ. ತೆರೆಯದ ಡ್ರಮ್ ಇದ್ದರೆ ಮಾರಿದವರಿಗೇ ವಾಪಸ್ ಕೇಳಿ. ಬಳಸಿದ್ದು 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಕೆಳಗೆ ಬರುತ್ತದೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಇರುವವರಿಗೇ ಕೊಟ್ಟು ಮ್ಯಾನಿಫೆಸ್ಟ್ (ತ್ಯಾಜ್ಯ ಸಾಗಣೆಯ ದಾಖಲೆ) ಪ್ರತಿ ಇಟ್ಟುಕೊಳ್ಳಿ. ಸಾಮಾನ್ಯವಾಗಿ 90 ದಿನಕ್ಕಿಂತ ಜಾಸ್ತಿ ಶಾಪ್‌ನಲ್ಲಿ ಇಡುವಂತಿಲ್ಲ. ಬೇರೆ ಆಯಿಲ್ ಜೊತೆ ಬೆರೆಸಬೇಡಿ, ಕ್ಲೋರಿನ್ ಇದೆ ಅಂತ ಡ್ರಮ್ ಮೇಲೆ ಬರೆದೇ ಕೊಡಿ.

ಲ್ಯಾಬ್_ಕೋಟ್

ಹೊಸ ಆಯಿಲ್ ಹಾಕುವ ಮೊದಲು ಬಕೆಟ್, ಬ್ರಷ್ ಎರಡನ್ನೂ ಬದಲಾಯಿಸಿ, ಡೈ ಮತ್ತು ಬೋಲ್ಸ್ಟರ್ ತೊಳೆಯಿರಿ. ಹಳೇ ಬಕೆಟ್‌ನ ತಳದಲ್ಲಿ ಉಳಿದದ್ದೇ ಸಾಕು, ಮಾಲಿನ ಮೇಲೆ ಮತ್ತೆ ಕ್ಲೋರಿನ್ ಸಿಗುತ್ತದೆ. ಗಿರಾಕಿಯ ಫಾರ್ಮ್‌ಗೆ ಸಹಿ ಅದಾದ ಮೇಲೆ ಹಾಕಿ.