ಪ್ಲಸ್ ಟು ನಂತರ ಬಿಪಿಒ: ಎಲ್ಲಿ ಉಂಟು, ಪ್ರಾಕ್ಟಿಕಲ್‌ನಲ್ಲಿ ಕಷ್ಟ ಯಾವುದು?

ಪೆರ್ಲದ ವಿದ್ಯಾರ್ಥಿನಿ
ಪ್ಲಸ್ ಟು ಸೈನ್ಸ್ ಮುಗೀತಾ ಬಂತು. ಹತ್ತನೇವರೆಗೆ ಕನ್ನಡ ಮೀಡಿಯಂ. ಕೃತಕ ಕಾಲು, ಕ್ಯಾಲಿಪರ್ (ಬಲ ಇಲ್ಲದ ಕಾಲಿಗೆ ಕಟ್ಟುವ ಆಸರೆ) ಮಾಡಲು ಕಲಿಸುವ ಬಿಪಿಒ (ಬ್ಯಾಚುಲರ್ ಆಫ್ ಪ್ರಾಸ್ತೆಟಿಕ್ಸ್ ಅಂಡ್ ಆರ್ಥೋಟಿಕ್ಸ್) ಕೋರ್ಸಿಗೆ ಸೇರುವ ಆಲೋಚನೆ ಉಂಟು. ಕಾಸರಗೋಡಿನವರಿಗೆ ಹತ್ತಿರ ಎಲ್ಲಿ? ಪ್ರಾಕ್ಟಿಕಲ್‌ನಲ್ಲಿ ನಿಜವಾಗಿ ಕಷ್ಟದ್ದು ಯಾವುದು?

ಕುಂಬಳೆ ಮಾಷ್ಟ್ರು
ನಾಲ್ಕು ವರ್ಷ ಓದು, ಆರು ತಿಂಗಳು ಇಂಟರ್ನ್‌ಶಿಪ್. ನಮಗೆ ಅನುಕೂಲ ಬೆಂಗಳೂರಿನ ಮೊಬಿಲಿಟಿ ಇಂಡಿಯಾ, ಆಮೇಲೆ ವೆಲ್ಲೂರಿನ ಸಿಎಂಸಿ. ಕಟಕ್ ಹತ್ತಿರದ ಓಲಟ್‌ಪುರ, ಕೋಲ್ಕತ್ತಗಳಲ್ಲಿ ಕೇಂದ್ರ ಸರಕಾರದ ಸಂಸ್ಥೆಗಳು ಉಂಟು. ಎಲ್ಲಿ ಸೇರಿದರೂ ಆ ವರ್ಷಕ್ಕೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ಮಾನ್ಯತೆ ಉಂಟಾ ಅಂತ ನೋಡಿಯೇ ಫೀಸು ಕಟ್ಟಿ ತಂಗೀ. ಮಾನ್ಯತೆ ಇಲ್ಲದ ಕಡೆ ಓದಿದರೆ ಸಿಆರ್‌ಆರ್ (ಪರಿಷತ್ತಿನ ಕೇಂದ್ರ ನೋಂದಣಿ) ನಂಬರ್ ಸಿಗುವುದಿಲ್ಲ. ಇಂಗ್ಲಿಷಿಗೆ ಹೆದರಬೇಡಿ, ಅನಾಟಮಿ ಹೆಸರುಗಳು ಎಲ್ಲರಿಗೂ ಹೊಸತೇ.

ಹೊಸೂರು ಪಿಒ
ನಾನು ಕೃತಕ ಕಾಲು ಮಾಡೋ ಪಿಒ (ಪ್ರಾಸ್ತೆಟಿಸ್ಟ್-ಆರ್ಥೋಟಿಸ್ಟ್). ಕಷ್ಟ ಅಂದ್ರೆ ಪಾಸಿಟಿವ್, ಅಂದ್ರೆ ಕಾಲಿನ ಪ್ಲಾಸ್ಟರ್ ಮಾದರಿ, ಕೆತ್ತೋದು. ಮೊಣಕಾಲಿನ ಕೆಳಗಿನ ಪಿಟಿಬಿ ಸಾಕೆಟ್ (ಮಂಡಿಚಿಪ್ಪಿನ ಕೆಳಗಿನ ಟೆಂಡನ್ ಮೇಲೆ ಭಾರ ಹೊರಿಸೋ, ಉಳಿದ ಕಾಲು ಕೂರೋ ಗೂಡು) ತಗೊಳ್ಳಿ. ಉಳಿದ ಕಾಲಿಗೆ ಒದ್ದೆ ಸ್ಟಾಕಿನೆಟ್ (ಹೆಣೆದ ಬಟ್ಟೆಯ ಚೀಲ) ಹಾಕಿ, ಬಣ್ಣ ಬಿಡೋ ಪೆನ್ಸಿಲ್‌ನಿಂದ ಪಟೆಲ್ಲಾ (ಮಂಡಿಚಿಪ್ಪು), ಅದರ ಕೆಳಗಿನ ಟೆಂಡನ್ (ಸ್ನಾಯುರಜ್ಜು), ಫಿಬುಲಾ (ಮೊಣಕಾಲ ಕೆಳಗಿನ ಹೊರಗಿನ ಸಣ್ಣ ಮೂಳೆ) ತಲೆ, ಟಿಬಿಯಾ (ಮುಂದಿನ ದಪ್ಪ ಮೂಳೆ) ಅಂಚು, ಟಿಬಿಯಾ ತುದಿ ಗುರುತು ಮಾಡ್ತಾರೆ. ಮಂಡಿ ಸ್ವಲ್ಪ ಮಡಿಸಿ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಬ್ಯಾಂಡೇಜ್ ಸುತ್ತಿ, ಎರಡೂ ಹೆಬ್ಬೆರಳಿಂದ ಟೆಂಡನ್ ಪಕ್ಕ ಒತ್ತಿ ಹಿಡೀಬೇಕು. ಗಟ್ಟಿ ಆಗೋವರೆಗೂ ರೋಗಿ ಸ್ನಾಯು ಬಿಗಿ ಹಿಡಿಯಬಾರದು.

ಆ ಅಚ್ಚಿಗೆ ಪ್ಲಾಸ್ಟರ್ ಸುರಿದರೆ ಪಾಸಿಟಿವ್. ಭಾರ ತಡೆಯೋ ಟೆಂಡನ್ ಜಾಗದಲ್ಲಿ ಕೆತ್ತಬೇಕು. ಫಿಬುಲಾ ತಲೆ, ಟಿಬಿಯಾ ಅಂಚು, ತುದಿಗೆ 3ರಿಂದ 6 ಮಿ.ಮೀ. ಪ್ಲಾಸ್ಟರ್ ಸೇರಿಸಬೇಕು. ಫಿಬುಲಾ ಹತ್ತಿರ ಕಡಿಮೆ ಆದ್ರೆ ಪೆರೋನಿಯಲ್ ನರ ಒತ್ತಿ ಜುಮ್ಮೆನ್ನುತ್ತೆ. ಕೆತ್ತೋ ಮೊದಲೂ ಆಮೇಲೂ ಸುತ್ತಳತೆ ಹಿಡೀರಿ, ಕಣ್ಣಂದಾಜು ನಂಬಬೇಡಿ.

ಪಾಸಿಟಿವ್ ಒದ್ದೆ ಇದ್ರೆ ಅದರ ಮೇಲೆ ಬಿಸಿ ಪಾಲಿಪ್ರೊಪಿಲೀನ್ (ಪ್ಲಾಸ್ಟಿಕ್) ಹಾಳೆ ಎಳೆದಾಗ ಹಬೆ ಎದ್ದು ಗುಳ್ಳೆ ಬರುತ್ತೆ. ಹಾಳೆ ಓವನ್‌ನಲ್ಲಿ ಗಾಜಿನ ಥರ ಪಾರದರ್ಶಕ ಆದ್ಮೇಲೇ ತೆಗೀರಿ. ತಣ್ಣಗಾಗೋ ಮೊದಲು ಹಾಳೆಯನ್ನು ಪಾಸಿಟಿವ್‌ಗೆ ಅಂಟಿಸೋ ವ್ಯಾಕ್ಯೂಮ್ ನಿಲ್ಲಿಸಿದ್ರೆ ಆಕಾರ ಸೊಟ್ಟ.

ಟ್ರಯಲ್‌ನಲ್ಲಿ ಪಟೆಲ್ಲಾ ಕೆಳಗೆ, ಕಾಲಿನ ತುದಿಯಲ್ಲಿ ಕೆಂಪು ಕಂಡ್ರೆ ತಕ್ಷಣ ಗ್ರೈಂಡರ್ ಹಿಡೀಬೇಡಿ. ಕಾಲು ಒಳಗೆ ಜಾರಿರಬಹುದು, ಮೊದಲು ಒಂದು ಸಾಕ್ಸ್ ಹೆಚ್ಚಿಗೆ ಹಾಕಿಸಿ ನಡೆಸಿ. ಹತ್ತು ನಿಮಿಷ ಕಳೆದ್ರೂ ಕೆಂಪು ಹೋಗದಿದ್ರೆ ಮಾತ್ರ ಸಾಕೆಟ್ ತಿದ್ದಿ.

ಪೆರ್ಲದ ವಿದ್ಯಾರ್ಥಿನಿ
ತುಂಬಾ ಉಪಕಾರ ಆಯ್ತು. ನಮ್ಮ ಎಣ್ಮಕಜೆ ಕಡೆ ಎಂಡೋಸಲ್ಫಾನ್ ಬಾಧಿತ ಮಕ್ಕಳಿದ್ದಾರೆ. ನಡೆಯಲು ಕಷ್ಟ ಇರುವ ಮಕ್ಕಳ ಎಎಫ್‌ಒ (ಪಾದ, ಹಿಮ್ಮಡಿಗಂಟಿಗೆ ಹಾಕುವ ಪ್ಲಾಸ್ಟಿಕ್ ಆಸರೆ) ಕೂಡ ಇದೇ ಕ್ರಮವಾ?

ಹೊಸೂರು ಪಿಒ
ಅಚ್ಚು, ಪಾಸಿಟಿವ್, ಹಾಳೆ ಎಲ್ಲ ಹಾಗೇ. ಆದ್ರೆ ಮಂಡಿ ಮಡಿಸಿ ಕೂರಿಸಿ, ಹಿಮ್ಮಡಿ ನೇರ ಮಾಡಿ, ಪಾದ 90 ಡಿಗ್ರಿಗೆ ಹಿಡೀಬೇಕು. ಮಂಡಿ ಚಾಚಿದ್ರೆ ಮೀನಖಂಡ ಬಿಗಿದು ಹಿಮ್ಮಡಿ ಮೇಲೇಳುತ್ತೆ. ಬಿಗಿತ ಸಡಿಲ ಆಗದ ಪಾದವನ್ನು ಬಲವಂತಕ್ಕೆ 90ಕ್ಕೆ ತಂದ್ರೆ ನಡುಪಾದ ಬಾಗುತ್ತೆ, ಹಿಮ್ಮಡಿ ಎಎಫ್‌ಒ ಒಳಗೆ ಕೂರೋದೇ ಇಲ್ಲ. ಅಂಥ ಮಗುವಿಗೆ ಸಿಕ್ಕ ಕೋನದಲ್ಲೇ ಅಚ್ಚು ತೆಗೆದು ಹಿಮ್ಮಡಿ ಕೆಳಗೆ ವೆಡ್ಜ್ (ಓರೆ ಆಸರೆ ತುಂಡು) ಕೊಡ್ತಾರೆ.

ಕುಂಬಳೆ ಮಾಷ್ಟ್ರು
ನಮ್ಮ ಮಳೆಗಾಲದಲ್ಲಿ ಬೆವರು, ಒದ್ದೆ ಎರಡೂ ಸೇರಿ ಚರ್ಮ ಬೇಗ ಕೆಡ್ತದೆ. ಹೊಲಿಗೆ ಒತ್ತದ ಹತ್ತಿಯ ಸಾಕ್ಸ್ ಎರಡು ಜೊತೆ ಬೇಕೇ ಬೇಕು ಅಂತ ಮನೆಯವರಿಗೆ ಹೇಳಿ. ಮಗು ಬೆಳೆದ ಹಾಗೆ ಬೆರಳು ಪ್ಲಾಸ್ಟಿಕ್ ಅಂಚು ದಾಟಿತಾ ಅಂತಲೂ ನೋಡ್ತಾ ಇರಬೇಕು.