ಚಿಕ್ಕಂದಿನಲ್ಲಿ ಆಡೇ ಇಲ್ಲ, ಆದರೂ ಈ ಪಿಕ್ಸೆಲ್ ಆರ್‌ಪಿಜಿಗಳ ಹುಚ್ಚು ಯಾಕೆ ಹಿಡಿಯುತ್ತದೆ?

ಗೊಂಬೆಮನೆ:
ಮೊದಲೇ ಹೇಳಿಬಿಡುತ್ತೇನೆ, ನಾನು ಸೂಪರ್ ಫ್ಯಾಮಿಕಾಮ್ (ತೊಂಬತ್ತರ ದಶಕದ ನಿಂಟೆಂಡೋ ಗೇಮ್ ಯಂತ್ರ) ಕಣ್ಣಲ್ಲಿ ಕಂಡವನಲ್ಲ. ನಮ್ಮನೇಲಿ ಇದ್ದದ್ದು ಟೀವಿಗೆ ಸಿಕ್ಕಿಸುವ ಹೆಸರಿಲ್ಲದ ಕ್ಯಾಸೆಟ್ ಗೇಮ್. ಮಾರಿಯೋ, ಕಾಂಟ್ರಾ, ಬಾತುಕೋಳಿ ಹೊಡೆಯೋದು, ಅಷ್ಟೇ. ಹೋದ ತಿಂಗಳು ಸ್ನೇಹಿತನ ಸ್ವಿಚ್ (ಕೈಯಲ್ಲಿ ಹಿಡಿದು ಆಡುವ ನಿಂಟೆಂಡೋ ಗೇಮ್ ಯಂತ್ರ) ಎರಡು ವಾರಕ್ಕೆ ಅಂತ ತಂದೆ, ಅದರಲ್ಲಿ ಆಕ್ಟೋಪಾತ್ ಟ್ರಾವೆಲರ್ ಅನ್ನೋ ಆರ್‌ಪಿಜಿ, ಅಂದರೆ ಪಾತ್ರಗಳನ್ನು ಬೆಳೆಸುತ್ತಾ ಕತೆ ಆಡುವ ಗೇಮ್, ಇತ್ತು. 2018ರ ಗೇಮ್, ಆದರೆ ಪಾತ್ರಗಳೆಲ್ಲ ಚುಕ್ಕಿ ಚುಕ್ಕಿಯ ಪಿಕ್ಸೆಲ್ ಗೊಂಬೆಗಳು, ನೋಡೋಕೆ 1994ರದ್ದು ಅನ್ನಿಸುತ್ತದೆ. ಈಗ ನಾಲ್ಕನೇ ವಾರ, ವಾಪಸ್ ಕೊಟ್ಟಿಲ್ಲ.

ಯಾರನ್ನು ಕೇಳಿದರೂ ‘ಅದೆಲ್ಲ ನಾಸ್ಟಾಲ್ಜಿಯಾ’ ಅನ್ನುತ್ತಾರೆ. ನೆನಪೇ ಇಲ್ಲದವನಿಗೆ ಅದು ಎಲ್ಲಿಂದ ಬರಬೇಕು? ನನ್ನ ಪಿಸಿಯಲ್ಲಿ ನೂರು ಜಿಬಿಯ ಗೇಮ್ ಇದೆ, ಕುದುರೆ ಬಾಲದ ಕೂದಲು ಎಣಿಸಬಹುದು, ಅದನ್ನು ಬಿಟ್ಟು ಬೆರಳುದ್ದದ, ಮುಖವೂ ನೆಟ್ಟಗೆ ಕಾಣದ ಪ್ರಿಮ್‌ರೋಸ್ ಅನ್ನೋ ಹುಡುಗಿ ತನ್ನ ಅಪ್ಪನನ್ನು ಕೊಂದವರನ್ನು ಹುಡುಕಿಕೊಂಡು ಹೋಗುತ್ತಾಳಲ್ಲ, ಅವಳ ಹಿಂದೆ ರಾತ್ರಿ ಒಂದು ಗಂಟೆವರೆಗೆ ಅಲೆಯುತ್ತಿದ್ದೇನೆ. ನಿಮಗೂ ಹೀಗಾಗಿದೆಯಾ?

ರಾತ್ರಿಪಾಳಿ:
ನನ್ನ ಕಾರಣ ಸಣ್ಣದು ಗುರು. ಈ ಗೇಮ್ ನನಗಾಗಿ ಕಾಯುತ್ತದೆ. ಮನೆಯಲ್ಲಿ ಚಿಕ್ಕ ಮಗು ಇದೆ. ಬಾಸ್ ಫೈಟ್ (ದೊಡ್ಡ ರಾಕ್ಷಸನ ಜೊತೆ ಕಾಳಗ) ಮಧ್ಯೆ ಎದ್ದು ಅತ್ತರೆ ಸ್ವಿಚ್ ಕೆಳಗಿಟ್ಟು ಹೋಗುತ್ತೇನೆ, ಅರ್ಧ ಗಂಟೆ ಬಿಟ್ಟು ಬಂದರೂ ಆ ರಾಕ್ಷಸ ನನ್ನ ಸರದಿ ಮುಗಿಯಲಿ ಅಂತ ನಿಂತೇ ಇರುತ್ತಾನೆ.

ಹಾಗಂತ ಸುಮ್ನೆ ‘ಅಟ್ಯಾಕ್’ ಒತ್ತುತ್ತಾ ಕೂರೋದಲ್ಲ. ಆಕ್ಟೋಪಾತ್‌ನಲ್ಲಿ ಪ್ರತಿ ಶತ್ರುವಿನ ಕೆಳಗೆ ಗುರಾಣಿ ಗುರುತು, ಅದರಲ್ಲೊಂದು ಸಂಖ್ಯೆ ಇರುತ್ತದೆ ನೋಡಿ. ಅವನಿಗೆ ಯಾವ ಆಯುಧ, ಯಾವ ಮಂತ್ರ ತಾಗುತ್ತದೆ ಅಂತ ನೀವೇ ಹುಡುಕಿ ಹೊಡೆಯುತ್ತಾ ಹೋದರೆ ಅದು ಸೊನ್ನೆಗೆ ಇಳಿಯುತ್ತದೆ, ಅವನು ಸರದಿ ಕಳೆದುಕೊಂಡು ತತ್ತರಿಸುತ್ತಾನೆ. ಈ ಕಡೆ ನಿಮಗೆ ಸರದಿಗೊಂದು ಬೂಸ್ಟ್ ಪಾಯಿಂಟ್, ಹೊಡೆತದ ಬಲ ಹೆಚ್ಚಿಸೋಕೆ. ಐದರವರೆಗೆ ಕೂಡಿಡಬಹುದು, ಒಂದು ಸಲಕ್ಕೆ ಮೂರು ಖರ್ಚು ಮಾಡಬಹುದು, ಖರ್ಚು ಮಾಡಿದರೆ ಮುಂದಿನ ಸರದಿಗೆ ಸಿಗೋದಿಲ್ಲ. ಈಗ ಹೊಡೆಯಲೋ, ಅವನು ಬೀಳುವವರೆಗೆ ಕೂಡಿಡಲೋ? ಚೌಕಾಬಾರದಲ್ಲಿ ಕವಡೆ ಬಿದ್ದಮೇಲೆ ಯಾವ ಕಾಯಿ ನಡೆಸಲಿ ಅಂತ ಕೂತು ಲೆಕ್ಕ ಹಾಕೋ ಸುಖ ಅದು. ಬೆರಳಿನ ಚುರುಕು ಹೋದ ವಯಸ್ಸಿಗೆ ಹೇಳಿ ಮಾಡಿಸಿದ್ದು.

ಹದಿನಾರುಬಿಟ್:
ಮುಖ ಕಾಣಲ್ಲ ಅಂದಿರಲ್ಲ, ನನ್ನ ಪ್ರಕಾರ ಗುಟ್ಟು ಅಲ್ಲೇ ಇದೆ. ಫೈನಲ್ ಫ್ಯಾಂಟಸಿ 6ರಲ್ಲಿ (1994) ಸೆಲೆಸ್ ಅನ್ನೋ ಸೈನ್ಯಾಧಿಕಾರಿ ನಾಟಕದ ನಟಿಯ ವೇಷ ಹಾಕಿ ಒಪೆರಾ ಹಾಡುವ ದೃಶ್ಯ ಇದೆ. ಗೊಂಬೆ ಕೈ ಎತ್ತುತ್ತದೆ, ತಲೆ ಬಗ್ಗಿಸುತ್ತದೆ, ಅಷ್ಟೇ ಅಭಿನಯ. ಅದು ಓಡುತ್ತಿದ್ದ ಸೂಪರ್ ಫ್ಯಾಮಿಕಾಮ್‌ಗೆ ಹಾಡಿಸೋ ಶಕ್ತಿ ಇರಲಿಲ್ಲ, ಹಾಗಾಗಿ ನೊಬುವೊ ಉಯೆಮಾತ್ಸು ಅವರ ರಾಗಕ್ಕೆ ಗಂಟಲಿನ ಥರ ಕೇಳುವ ಒಂದು ಸಿಂಥಸೈಜರ್ ದನಿ ಹಾಕಿದರು, ಸಾಹಿತ್ಯ ಪರದೆ ಮೇಲೆ ಅಕ್ಷರವಾಗಿ ಬರುತ್ತದೆ. ಓದುತ್ತಾ ನಾವೇ ಮನಸ್ಸಿನಲ್ಲಿ ಹಾಡಿಕೊಳ್ಳಬೇಕು. ಆಮೇಲೆ ಬಂದ ‘ಪಿಕ್ಸೆಲ್ ರೀಮಾಸ್ಟರ್’ ಅನ್ನೋ ಅದೇ ಗೇಮಿನ ಹೊಸ ಆವೃತ್ತಿಯಲ್ಲಿ ನಿಜವಾದ ಗಾಯಕರಿದ್ದಾರೆ, ಏಳು ಭಾಷೆಯಲ್ಲಿ. ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ನನ್ನ ತಲೆಯೊಳಗಿನ ಸೆಲೆಸ್ ಇನ್ನೂ ಚೆನ್ನಾಗಿ ಹಾಡುತ್ತಿದ್ದಳು ಮಾರಾಯ್ರೇ.

ಖಾರಬೂಂದಿ:
ಎಲ್ಲರೂ ಹೊಗಳುತ್ತಿದ್ದೀರಿ, ನಾನು ಸ್ವಲ್ಪ ಕಿರಿಕ್ ಮಾಡುತ್ತೇನೆ. ನೀವು ಆಡುತ್ತಿರೋದು ಹಳೇ ಗೇಮೇ ಅಲ್ಲ. ಆಕ್ಟೋಪಾತ್ ಓಡೋದು ಅನ್‌ರಿಯಲ್ ಎಂಜಿನ್ 4 ಅನ್ನೋ ಈ ಕಾಲದ ಗೇಮ್ ತಯಾರಿಸುವ ಸಾಫ್ಟ್‌ವೇರ್ ಮೇಲೆ. ಆ ನೀರಿನ ಹೊಳಪು, ದೂರದ್ದು ಮಸುಕಾಗೋದು, ದೀಪದ ಬೆಳಕು, ಇದೆಲ್ಲ 1994ರಲ್ಲಿ ಎಲ್ಲಿತ್ತು?

ನಿಜವಾದ ಹಳೇದು ಬೇಕಾ? ಜಪಾನಿನಲ್ಲಿ ಡ್ರ್ಯಾಗನ್ ಕ್ವೆಸ್ಟ್ (1986) ಬಂದಾಗ ಸೇವ್ ಅನ್ನೋದೇ ಇರಲಿಲ್ಲ. ನಿಲ್ಲಿಸಬೇಕಾದರೆ ರಾಜ ಒಂದು ‘ಮಂತ್ರ’ ಹೇಳುತ್ತಿದ್ದ, ಅದನ್ನು ಕಾಗದದಲ್ಲಿ ಬರೆದುಕೊಳ್ಳಬೇಕು, ಮುಂದಿನ ಸಲ ಅದನ್ನೇ ಒತ್ತಿ ಆಟ ಮುಂದುವರಿಸಬೇಕು. ಎರಡನೇ ಭಾಗದಲ್ಲಿ ಆ ಮಂತ್ರ 52 ಅಕ್ಷರದವರೆಗೆ ಹೋಗುತ್ತಿತ್ತು. ಒಂದು ಅಕ್ಷರ ತಪ್ಪಿ ಬರೆದರೆ ನಿಮ್ಮ ಭಾನುವಾರ ಗೋವಿಂದ. 1988ರ ಮೂರನೇ ಭಾಗದ ಕ್ಯಾಸೆಟ್‌ಗೆ ಆಟ ನೆನಪಿಟ್ಟುಕೊಳ್ಳೋಕೆ ಬ್ಯಾಟರಿ ಹಾಕಿದ ಮೇಲೆ ಜನ ಉಸಿರಾಡಿದರು. ಅದೇ ಮೂರನೇ ಭಾಗದ 2024ರ ರೀಮೇಕ್ ನೋಡಿ, ತಾನೇ ಸೇವ್ ಆಗುತ್ತದೆ, ಕಾಳಗದ ವೇಗ ಜಾಸ್ತಿ ಮಾಡಬಹುದು, ಸುಲಭದ ಮೋಡ್‌ನಲ್ಲಿ ಸಾಯೋದೇ ಇಲ್ಲ. ಕಣ್ಣಿಗೆ ಕಾಣದ ಶತ್ರುಗಳ ಜೊತೆ ಹತ್ತು ಹೆಜ್ಜೆಗೊಂದು ಕಾಳಗ, ಪಾತ್ರದ ಬಲ ಏರಿಸೋ ಲೆವೆಲ್‌ಗಾಗಿ ಅದೇ ಕಾಡಲ್ಲಿ ಮೂರು ಗಂಟೆ ಸುತ್ತಾಟ, ಇದನ್ನೆಲ್ಲ ಯಾರೂ ಮಿಸ್ ಮಾಡಿಕೊಳ್ಳುತ್ತಿಲ್ಲ ಅಲ್ವಾ? ಹಳೇ ಮನೆ ತೊಟ್ಟಿ ಬೇಕು, ಆದರೆ ಬಚ್ಚಲಿಗೆ ಗೀಸರ್ ಇರಬೇಕು, ಅಂಥ ಆಸೆ ನಮ್ಮದು.

ಹದಿನಾರುಬಿಟ್:
@ಖಾರಬೂಂದಿ ಗೀಸರ್ ಕೆಲವು ಹಳೇ ಮನೆಯಲ್ಲೂ ಇತ್ತು! ಕ್ರೋನೋ ಟ್ರಿಗರ್‌ನಲ್ಲಿ (1995) ಶತ್ರುಗಳು ಕಣ್ಣಿಗೆ ಕಾಣುತ್ತಾರೆ, ಎಷ್ಟೋ ಕಡೆ ಸುತ್ತು ಹಾಕಿ ತಪ್ಪಿಸಿಕೊಳ್ಳಬಹುದು. ಇನ್ನೊಂದು ವಿಷಯ, ಚೈನ್ಡ್ ಎಕೋಸ್ (2022) ಬಹುಪಾಲು ಒಬ್ಬನೇ ಕೂತು ಮಾಡಿದ್ದು, ಮತಿಯಾಸ್ ಲಿಂಡಾ ಅನ್ನೋ ಜರ್ಮನ್, ಏಳು ವರ್ಷದ ಕೆಲಸ. ಅದರಲ್ಲಿ ಅನುಭವದ ಅಂಕ, ಲೆವೆಲ್ ಎರಡೂ ಇಲ್ಲ, ಹಾಗಾಗಿ ಕಾಡು ಸುತ್ತೋ ಗೋಳೂ ಇಲ್ಲ. ಪಿಕ್ಸೆಲ್ ಆಗಿದ್ದಕ್ಕೇ ಒಬ್ಬನ ಕೈಲಿ ಅಷ್ಟು ದೊಡ್ಡ ಕತೆ ಆಯಿತು. ಕುದುರೆ ಕೂದಲು ಬಿಡಿಸುತ್ತಾ ಕೂತಿದ್ದರೆ ಅವನ ಮೊಮ್ಮಗ ಮುಗಿಸಬೇಕಿತ್ತು.

ಗೊಂಬೆಮನೆ:
ತೊಟ್ಟಿಮನೆ ಗೀಸರ್ ಮಾತು ಒಪ್ಪಿದೆ, ಆ 52 ಅಕ್ಷರ ನನ್ನ ಕೈಲಾಗಲ್ಲ. ಆದರೆ ಒಂದು ದೂರು ಇದೆ. ಆಕ್ಟೋಪಾತ್‌ನಲ್ಲಿ ಎಂಟು ಜನ ಒಟ್ಟಿಗೆ ಊರೂರು ಸುತ್ತುತ್ತಾರೆ, ಒಬ್ಬರ ಕತೆ ನಡೆಯುವಾಗ ಉಳಿದವರು ಎಲ್ಲಿ ಮಾಯ? ಪ್ರಿಮ್‌ರೋಸ್ ಅಷ್ಟು ಕಷ್ಟದಲ್ಲಿದ್ದರೂ ಯಾರೂ ಏನಮ್ಮಾ ಅನ್ನಲ್ಲ.

ರಾತ್ರಿಪಾಳಿ:
ಎಲ್ಲರೂ ಬೈಯೋದು ಅದಕ್ಕೇ. 2023ರ ಎರಡನೇ ಭಾಗದಲ್ಲಿ ಇಬ್ಬಿಬ್ಬರು ಸೇರಿದ ಕತೆಗಳಿವೆ, ಅದನ್ನು ಆಡಿ. ಮೊದಲನೇದರ ಕತೆ ಅದಕ್ಕೆ ಗೊತ್ತಿರಬೇಕಾಗಿಲ್ಲ.

ಗೊಂಬೆಮನೆ:
ಅದು ಆಮೇಲೆ, ಮೊದಲು ಇದು ಮುಗಿಯಬೇಕಲ್ಲ. ಸ್ನೇಹಿತ ಭಾನುವಾರ ಬರುತ್ತಾನಂತೆ, ಫೋನ್ ಮಾಡಿದ್ದ. ಪ್ರಿಮ್‌ರೋಸ್‌ದು ನಾಲ್ಕನೇ ಅಧ್ಯಾಯ ಇನ್ನೂ ಬಾಕಿ. ಮನೆಯಲ್ಲಿ ಇರಲ್ಲ ಅಂತ ಹೇಳಿಬಿಡಲಾ?