ಅಣ್ಣನಿಗೆ ಮುಂದಿನ ಮನೆ, ನನಗೆ ಹಿಂದಿನ ಜಾಗ. ನಡುವಿನ ದಾರಿ ಯಾರದ್ದು?

ಕೇಳಿದವರು: ಮೈಸೂರಿನ ಹಳೇ ಬಡಾವಣೆಯಲ್ಲಿ ಅಪ್ಪ ಕೊಂಡ 50×80 ಅಡಿ ಸೈಟ್ ಇದೆ. ಮುಂದೆ ಮನೆ, ಹಿಂದೆ ನಾಲ್ಕು ತೆಂಗಿನ ಮರ ಮತ್ತು ಖಾಲಿ ಜಾಗ. ಮುಂದಿನದ್ದು ಅಣ್ಣನಿಗೆ, ಹಿಂದಿನದ್ದು ನನಗೆ ಅಂತ ಮಾತಾಗಿದೆ. ಮನೆ ಪಕ್ಕದಲ್ಲಿ 9 ಅಡಿ ಜಾಗವಿದೆ, ನನ್ನ ಕಾರಿಗೆ ಅದೇ ದಾರಿ. ‘ದಾರಿ ಬಿಟ್ಟಿರ್ತೀನಿ, ಅದಕ್ಕೆಲ್ಲ ಕಾಗದ ಯಾಕೋ’ ಅಂತಾನೆ ಅಣ್ಣ. ಪಕ್ಕದ ಮನೆಯವರು ತಮ್ಮ ಕಿಟಕಿ ಪಕ್ಕದಲ್ಲೇ ಕಾರು ಓಡಾಡುತ್ತೆ ಅಂತ ತಕರಾರು ಅರ್ಜಿ ಕೊಡುವ ಮಾತಾಡುತ್ತಿದ್ದಾರೆ. ಇಂಥದ್ದನ್ನು ದಾಟಿ ಬಂದವರು ದಯವಿಟ್ಟು ಹೇಳಿ.

ಹಾಸನದಿಂದ: ನಿಮ್ಮ ಪ್ರಶ್ನೆ ಓದಿ ನಮ್ಮ ಮನೆಯೇ ಕಣ್ಮುಂದೆ ಬಂತು. ಮಾವನವರ ಸೈಟ್. ಮುಂದಿನದ್ದು ಭಾವನವರಿಗೆ, ಹಿಂದಿನದ್ದು ನಮಗೆ. ‘ದಾರಿ ಬಿಟ್ಟಿರ್ತೀನಿ’ ಅಂತಲೇ ಭಾವನವರೂ ಹೇಳಿದ್ದರು. ಕೊನೇವರೆಗೂ ಮಾತು ತಪ್ಪಲಿಲ್ಲ. ಅವರು ತೀರಿಕೊಂಡ ಮೇಲೆ ಮಕ್ಕಳು ಮನೆ ಮಾರಿದರು. ಕೊಂಡವರು ತಮ್ಮ ಕ್ರಯಪತ್ರ ತೆಗೆದು ತೋರಿಸಿದರು. ಚೆಕ್ಕುಬಂದಿಯಲ್ಲಿ, ಅಂದರೆ ನಾಲ್ಕೂ ಕಡೆಯ ಗಡಿ ಬರೆಯುವ ಭಾಗದಲ್ಲಿ, ಸೈಟಿನ ಪೂರ್ತಿ ಅಗಲ ಅವರದ್ದೇ. ದಾರಿಯ ಬಗ್ಗೆ ಒಂದು ಪದವೂ ಇರಲಿಲ್ಲ. ಒಂದು ದಿನ ಬೆಳಗ್ಗೆ ಗೇಟಿಗೆ ಬೀಗ. ಅದೇ ವಾರ ಅತ್ತೆಗೆ ಉಸಿರಾಟದ ತೊಂದರೆಯಾಯಿತು. ಬೀಗ ತೆಗೆಯುವವರು ಬರುವ ತನಕ ಅವರನ್ನು ಕುರ್ಚಿಯಲ್ಲಿ ಕೂರಿಸಿ ಆ ಗೇಟಿನ ಹಿಂದೆ ಕಾದ ಹೊತ್ತು ನಾನು ಮರೆಯುವುದಿಲ್ಲ.

ನಮ್ಮ ಕೈ ಹಿಡಿದದ್ದು 1882ರ ಈಸ್‌ಮೆಂಟ್ ಕಾಯ್ದೆಯ 13ನೇ ಸೆಕ್ಷನ್. ಈಸ್‌ಮೆಂಟ್ ಅಂದರೆ ಇನ್ನೊಬ್ಬರ ಜಾಗದ ಮೇಲೆ ನಮಗಿರುವ ದಾರಿ, ಗಾಳಿ, ಬೆಳಕಿನಂಥ ಹಕ್ಕು. ಒಟ್ಟಿಗಿದ್ದ ಆಸ್ತಿ ಪಾಲಾದಾಗ, ಒಬ್ಬರ ಪಾಲಿಗೆ ಇನ್ನೊಬ್ಬರ ಪಾಲಿನ ಮೇಲೆ ಹೋಗದೆ ಬೇರೆ ದಾರಿಯೇ ಇಲ್ಲದಿದ್ದರೆ, ಬರೆದಿಲ್ಲದಿದ್ದರೂ ದಾರಿಯ ಹಕ್ಕು ಹುಟ್ಟುತ್ತದೆ. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಎಷ್ಟು ಅಗಲ, ಕಾರು ಹೋಗಬೇಕಾ, ನಡೆದರೆ ಸಾಕಾ, ಎಲ್ಲದಕ್ಕೂ ಜಗಳವಾಡಬೇಕು. ಮುಂದೆ ಎಂದಾದರೂ ಬೇರೆ ದಾರಿ ಸಿಕ್ಕರೆ ಆ ಹಕ್ಕೂ ಮುಗಿಯಿತು. ಅದು 41ನೇ ಸೆಕ್ಷನ್.

‘20 ವರ್ಷ ಓಡಾಡಿದರೆ ಹಕ್ಕು ಬರುತ್ತೆ’ ಅಂತ ಯಾರಾದರೂ ಧೈರ್ಯ ಹೇಳಿದರೆ ಅದನ್ನು ನೆಚ್ಚಿಕೊಳ್ಳಬೇಡಿ. 15ನೇ ಸೆಕ್ಷನ್ ಕೇಳುವುದು ನಮ್ಮ ಹಕ್ಕು ಅಂತ, ಯಾರ ಅಡ್ಡಿಯೂ ಇಲ್ಲದೆ ಓಡಾಡಿದ 20 ವರ್ಷ. ಅಣ್ಣ ಪ್ರೀತಿಯಿಂದ ಬಿಟ್ಟದ್ದು ಅನುಮತಿ. ಅನುಮತಿಯಲ್ಲಿ ಕಳೆದ ವರ್ಷಗಳು ಈ ಲೆಕ್ಕಕ್ಕೆ ಸೇರುವುದಿಲ್ಲ. ನಿಮ್ಮ ಅಣ್ಣ ಒಳ್ಳೆಯವರು ಅನ್ನುವುದಕ್ಕೇ ಈಗ ಬರೆಸಿಕೊಳ್ಳಿ. ಒಳ್ಳೆಯವರ ಹತ್ತಿರ ಬರೆಸಿಕೊಳ್ಳುವುದು ಸುಲಭ. ನಾವು ಕೊನೆಗೆ ರಾಜಿ ಮಾಡಿಕೊಂಡು, ನಮ್ಮದೇ ಮನೆತನದ ಜಾಗದಲ್ಲಿ ದಾರಿಯಿದ್ದ ಆ ಉದ್ದನೆ ಪಟ್ಟಿಯನ್ನು ಹೊರಗಿನವರಿಂದ ದುಡ್ಡು ಕೊಟ್ಟು ಕೊಂಡೆವು.

ವಿಭಾಗ ಪತ್ರದಲ್ಲಿ ‘ದಾರಿ ಇದೆ’ ಅಂತ ಸುಮ್ನೆ ಬರೆಸಬೇಡಿ. ಎಲ್ಲಿಂದ ಎಲ್ಲಿಗೆ, ಎಷ್ಟು ಅಡಿ ಅಗಲ ಅನ್ನುವುದು ಅಂಕಿಯಲ್ಲೂ ಅಕ್ಷರದಲ್ಲೂ ಇರಲಿ. ಸರ್ವೆಯರ್ ಹಾಕಿದ ನಕ್ಷೆ ಲಗತ್ತಿಸಿ, ಇಬ್ಬರೂ ಅದರ ಮೇಲೆ ಸಹಿ ಮಾಡಿ. ಇಬ್ಬರ ಚೆಕ್ಕುಬಂದಿಯಲ್ಲೂ ದಾರಿ ಕಾಣಬೇಕು. ಕಾರು, ಆಂಬುಲೆನ್ಸ್, ಮನೆ ಕಟ್ಟುವಾಗ ಬರುವ ಲಾರಿ, ಎಲ್ಲವನ್ನೂ ಹೆಸರಿಟ್ಟು ಬರೆಸಿ. ನೀರಿನ ಪೈಪು, ಒಳಚರಂಡಿ, ಕರೆಂಟಿನ ಕೇಬಲ್ ನೆಲದಡಿ ಹೋಗಬೇಕಲ್ಲ, ಅದಕ್ಕೆ ಅಗೆಯುವ ಹಕ್ಕನ್ನೂ ಬರೆಸಿ. ಓಡಾಡುವ ಹಕ್ಕಿದೆ ಅಂದ ಮಾತ್ರಕ್ಕೆ ಅಗೆಯುವ ಹಕ್ಕು ಬರುವುದಿಲ್ಲ. ದಾರಿಯಲ್ಲಿ ಯಾರೂ ಗಾಡಿ ನಿಲ್ಲಿಸಬಾರದು, ಗೇಟಿನ ಕೀ ಇಬ್ಬರ ಹತ್ತಿರವೂ ಇರಬೇಕು. ನೋಟರಿ ಸಹಿಗೆ ನಿಲ್ಲಿಸಬೇಡಿ, ನೋಂದಣಿಯೇ ಆಗಲಿ.

ಮೈಸೂರಿನಿಂದ: ಮೇಲೆ ಅಕ್ಕ ಹೇಳಿದ್ದು ಮನೆಯೊಳಗಿನ ಕಾಗದ. ನಗರ ಯೋಜನೆ ನೋಡಿಕೊಳ್ಳುವ ಪ್ರಾಧಿಕಾರದ ಕಡೆಯದ್ದು ಬೇರೆಯೇ ಇದೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಸೈಟ್ ತುಂಡು ಮಾಡಲು ಮೊದಲು ಮಂಜೂರಾತಿ ಬೇಕು. ನಾವು ಮೊದಲು ಪತ್ರ ಮಾಡಿಸಿ ಆಮೇಲೆ ಅರ್ಜಿ ಹಾಕಿದೆವು. ಖಾತಾ ವಿಭಜನೆ, ಅಂದರೆ ಆಸ್ತಿ ತೆರಿಗೆಯ ದಾಖಲೆಯನ್ನು ಇಬ್ಬರ ಹೆಸರಿಗೆ ಬೇರೆ ಮಾಡುವುದು, ಅಲ್ಲೇ ನಿಂತಿತು.

ಇನ್ನೊಂದು ವಿಷಯ ನಮಗೆ ಯಾರೂ ಹೇಳಿರಲಿಲ್ಲ. ದಾರಿಯ ಪಟ್ಟಿಯನ್ನು ಹಿಂದಿನ ಸೈಟಿಗೇ ಸೇರಿಸಿ, ಸೌಟಿನ ಆಕಾರದಲ್ಲಿ ತುಂಡು ಮಾಡಿದ್ದೆವು. ಆಗ ಮುಂದಿನ ಮನೆಯ ಗೋಡೆಯೇ ಹೊಸ ಗಡಿಯಾಯಿತು, ಆ ಕಡೆ ಸೆಟ್‌ಬ್ಯಾಕ್ (ಗಡಿಗೂ ಗೋಡೆಗೂ ನಡುವೆ ಬಿಡಬೇಕಾದ ಖಾಲಿ ಜಾಗ) ಉಳಿಯಲಿಲ್ಲ. ನಕ್ಷೆ ವಾಪಸ್ ಬಂತು. ಪಟ್ಟಿಯನ್ನು ಅಣ್ಣನ ಹೆಸರಲ್ಲೇ ಉಳಿಸಿ ದಾರಿಯ ಹಕ್ಕು ಬರೆಸುವುದಾ, ನಿಮ್ಮ ಹೆಸರಿಗೆ ತರುವುದಾ ಅಂತ ನಕ್ಷೆ ಬರೆಸುವ ಮೊದಲೇ ಪ್ರಾಧಿಕಾರದಲ್ಲಿ ಕೇಳಿ. ಹಳೇ ಬಡಾವಣೆ ಅಂದಿರಿ, ಹಿಂದೆ ಕನ್ಸರ್ವೆನ್ಸಿ ಗಲ್ಲಿ (ಮನೆಗಳ ಹಿಂಬದಿ ಕಸ, ಚರಂಡಿ ಕೆಲಸಕ್ಕೆ ಬಿಟ್ಟ ಕಿರಿದಾದ ಓಣಿ) ಇರಬಹುದು. ಅದನ್ನೇ ನಿಮ್ಮ ಮುಖ್ಯ ದಾರಿ ಅಂತ ತೋರಿಸಲು ಹೋಗಬೇಡಿ. ನಮ್ಮ ಅರ್ಜಿಯಲ್ಲಿ ಒಪ್ಪಲಿಲ್ಲ.

ಪಕ್ಕದ ಮನೆಯವರ ವಿಚಾರ. ನಿಮ್ಮ ಜಾಗದಲ್ಲಿ ನೀವು ಕಾರು ಓಡಿಸುವುದನ್ನು ಅವರು ಸುಲಭಕ್ಕೆ ತಡೆಯಲಾರರು. ಆದರೆ ಸಿಟ್ಟಿನಲ್ಲಿ ಅವರ ಕಿಟಕಿ ಮುಚ್ಚುವಷ್ಟು ಎತ್ತರ ಕಾಂಪೌಂಡ್ ಎಬ್ಬಿಸಬೇಡಿ. ಕಿಟಕಿಯಿಂದ 20 ವರ್ಷ ಬಂದ ಗಾಳಿ ಬೆಳಕಿಗೂ ಅದೇ 15ನೇ ಸೆಕ್ಷನ್ ಇದೆ. ನಮ್ಮ ಪಕ್ಕದವರ ನಿಜವಾದ ಕಷ್ಟ ಮಳೆನೀರು ಅವರ ಪಾಯಕ್ಕೆ ಹೋಗುವುದಾಗಿತ್ತು. ನೆಲಕ್ಕೆ ಕಲ್ಲು ಹಾಸುವಾಗ ಇಳಿಜಾರನ್ನು ನಮ್ಮ ಕಡೆಗೆ ಕೊಟ್ಟೆವು. ನಮ್ಮ ಮೇಲೆ ಕೊಟ್ಟಿದ್ದ ತಕರಾರು ಅರ್ಜಿಯನ್ನು ಅವರೇ ವಾಪಸ್ ತೆಗೆದುಕೊಂಡರು.

ಆ 9 ಅಡಿಯನ್ನು ಸಜ್ಜಾ, ಮೆಟ್ಟಿಲು, ಪೈಪು ಎಲ್ಲ ಬಿಟ್ಟು ಅಳೆದಿದ್ದೀರಾ?

ಬೆಂಗಳೂರಿನಿಂದ: ಸಾಧ್ಯವಿದ್ದರೆ ಉದ್ದಕ್ಕೆ ತುಂಡು ಮಾಡಿ. ನಮ್ಮ 40×60 ಅನ್ನು ಎರಡು 20×60 ಮಾಡಿದೆವು. ಇಬ್ಬರಿಗೂ ರಸ್ತೆ ಸಿಕ್ಕಿತು, ಒಬ್ಬರ ಜಾಗದಲ್ಲಿ ಇನ್ನೊಬ್ಬರು ಕಾಲಿಡುವ ಪ್ರಶ್ನೆಯೇ ಇಲ್ಲ. ಹಳೇ ಮನೆ ಕೆಡವಬೇಕಾಯಿತು, ಅಮ್ಮ ತುಂಬಾ ಅತ್ತರು. ನಿಮ್ಮ ಮನೆ ಇನ್ನೂ ಗಟ್ಟಿಯಿದ್ದರೆ ಇದು ಬೇಡ. ಇ-ಖಾತಾ ಇಲ್ಲದೆ ಈಗ ನೋಂದಣಿ ಆಗುವುದಿಲ್ಲ, ಅದನ್ನು ಮೊದಲು ನೋಡಿಕೊಳ್ಳಿ.

ಕೇಳಿದವರು: ಎಲ್ಲರಿಗೂ ಧನ್ಯವಾದ. ಹಾಸನದ ಅಕ್ಕ ಬರೆದದ್ದನ್ನು ಅಣ್ಣನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅವನೇ ಟೇಪ್ ತಂದ. ಹೊರಗಿನ ಮೆಟ್ಟಿಲ ಹತ್ತಿರ ಸಿಕ್ಕಿದ್ದು 7 ಅಡಿ 2 ಇಂಚು ಮಾತ್ರ. ಮೆಟ್ಟಿಲನ್ನು ಹಿತ್ತಲ ಕಡೆಗೆ ತಿರುಗಿಸೋಣ ಅಂದಿದ್ದಾನೆ. ಅತ್ತಿಗೆಗೆ ಅದು ಇಷ್ಟವಿಲ್ಲ. ಇವತ್ತು ಸಂಜೆ ಮೂವರೂ ಕೂತು ಮಾತಾಡುತ್ತೇವೆ. ಸರ್ವೆಯರ್ ಬುಧವಾರ ಬರುತ್ತಾರೆ.